ರದ್ದಾಗದ ಠಸ್ಸೆ

ಫೆಬ್ರವರಿ ೪

ಸಕಲ ಸದ್ಗುಣ ಸಂಪನ್ನೆಯೂ, ತಮ್ಮನ ಫೋನ್ ಎತ್ತದ ಕಲ್ಲುಹೃದಯದವಳೂ ಆದ ಅಕ್ಕನ ದಿವ್ಯ ಸನ್ನಿಧಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನೂ ಅಮ್ಮನೂ ಕ್ಷೇಮ. ವೀಸಾ ಕಚೇರಿಯವರ ದನಿಯಲ್ಲಿ ಫೋನ್ ಮಾಡಿ ನಿನ್ನನ್ನು ಅಳಿಸಿದ್ದಕ್ಕೆ ನೀನು ವಿಧಿಸಿದ ಶಿಕ್ಷೆಯನ್ನು ತಲೆಬಾಗಿ ಸ್ವೀಕರಿಸಿದ್ದೇನೆ. ಇನ್ನು ಮುಂದೆ ಫೋನಿಲ್ಲ, ಕಾಗದವೇ ಗತಿ. ದನಿ ಅಣಕಿಸಬಹುದು, ಅಕ್ಷರ ಅಣಕಿಸಲಾಗದು ಎನ್ನುವ ನಿನ್ನ ವಾದವೂ ನ್ಯಾಯವೇ. ಈ ಕೋಳಿಕಾಲು ಅಕ್ಷರವನ್ನು ನಾನೇ ಎರಡು ಸಲ ಒಂದೇ ಥರ ಬರೆಯಲಾರೆ.

ಈಗ ರಾಜ್ಯ ಸಮಾಚಾರ. ವಿಮಾನ ನಿಲ್ದಾಣದಲ್ಲಿ ನನ್ನನ್ನು ಒಳಬರುವವರ ಕೌಂಟರಿನಿಂದ ಹೊರಹೋಗುವವರ ಕೌಂಟರಿಗೆ ಏರಿಸಿದ್ದಾರೆ. ದೇಶ ಬಿಡುವ ವಿಧಿ ನಿನಗೆ ಮರೆತಿರಬಹುದು. ದೊಡ್ಡ ಬ್ಯಾಗು ಒಪ್ಪಿಸಿ ನನ್ನ ಮುಂದೆ ಬರಬೇಕು. ಮುಖ ನೋಡುತ್ತೇನೆ, ಪಾಸ್‌ಪೋರ್ಟ್ ತಿರುವುತ್ತೇನೆ, ಎಲ್ಲಿಗೆ, ಯಾಕೆ, ಯಾವಾಗ ವಾಪಸ್ ಎಂದು ಕೇಳಿ ಠಸ್ಸೆ ಒತ್ತುತ್ತೇನೆ. ನನ್ನ ಬೆನ್ನ ಹಿಂದೆ ನೆಲದ ಮೇಲೊಂದು ಹಳದಿ ಗೆರೆ. ಅದನ್ನು ದಾಟಿದವನು ಲೆಕ್ಕದಲ್ಲಿ ದೇಶ ಬಿಟ್ಟಂತೆ, ಅಲ್ಲೇ ಕೂತು ಚಹಾ ಹೀರುತ್ತಿದ್ದರೂ. ಆಮೇಲೆ ತಪಾಸಣೆ. ಬೂಟು, ಬೆಲ್ಟು, ಕಿಸೆಯ ಚಿಲ್ಲರೆ ಟ್ರೇಗೆ, ನೀರಿನ ಬಾಟಲಿ ಕಸದ ಡಬ್ಬಕ್ಕೆ. ಕೈ ಚಾಚಿಕೊಂಡು ಚೌಕಟ್ಟು ದಾಟಬೇಕು. ಎಕ್ಸ್‌ರೇ ಪರದೆಯ ಮುಂದೆ ಕೂರುವಾಕೆಗೆ ನಾವು ಇಟ್ಟ ಹೆಸರು ಎಕ್ಸ್‌ರೇ ಅತ್ತೆ. ಯಾರ ಚೀಲದಲ್ಲಿ ಏನಿದೆ ಎಂದು ಅತ್ತೆಯನ್ನು ಬಿಟ್ಟು ಇನ್ಯಾರಿಗೆ ಗೊತ್ತಿರುತ್ತದೆ?

ಹೊರಹೋಗುವ ಕೌಂಟರಿಗೆ ಹೊಸದಾಗಿ ಬಂದವನಿಗೆ ಇಲ್ಲಿ 'ಕಳಿಸಿಕೊಡುವ ಶಾಸ್ತ್ರ' ಮಾಡುತ್ತಾರೆ. ಅವನ ಪಾಸ್‌ಪೋರ್ಟಿಗೇ ಠಸ್ಸೆ ಒತ್ತಿ, ಗೆರೆ ದಾಟಿಸಿ, ಬೀಳ್ಕೊಡುಗೆ ಭಾಷಣ ಮಾಡಿ, ಆಮೇಲೆ 'ರದ್ದು' ಎಂಬ ಇನ್ನೊಂದು ಠಸ್ಸೆ ಒತ್ತಿ ವಾಪಸ್ ಕರೆದುಕೊಳ್ಳುತ್ತಾರೆ. ಇಂದು ನನ್ನ ಸರದಿ. ನಾನು ನಿನ್ನ ಊರಿನ ವಿಮಾನವನ್ನೇ ಹೇಳಿದೆ. ಪಕ್ಕದ ಕೌಂಟರಿನ ಹಿರಿಯರು, ದೊಡ್ಡಣ್ಣ ಅಂತೀವಿ, ಅವರೇ ಒತ್ತಿದರು. "ಹೋಗಿ ಬಾ ಕಂದಾ, ದೇಶ ನಿನ್ನನ್ನು ಮರೆಯೋದಕ್ಕೆ ತುಂಬಾ ಪ್ರಯತ್ನ ಪಡುತ್ತೆ" ಅಂದರು. ನಾನು ಕರವಸ್ತ್ರ ಬೀಸುತ್ತಾ, ಬೆಲ್ಟು ಬಿಚ್ಚಿಟ್ಟು, ನನ್ನ ಠಸ್ಸೆಯನ್ನು ಕಿಸೆಯಲ್ಲಿಟ್ಟುಕೊಂಡೇ ಚೌಕಟ್ಟು ದಾಟಿದೆ. ಅಷ್ಟರಲ್ಲಿ ಮೇಲ್ವಿಚಾರಕರು ಕೆಮ್ಮುತ್ತಾ ಬಂದರು. ಎಲ್ಲರೂ ದಿಕ್ಕಾಪಾಲು. ನಾನು ಹಗ್ಗದ ಕೆಳಗೆ ನುಸುಳಿ ನನ್ನ ಕುರ್ಚಿಗೆ ಬಂದು ಕೂತೆ.

ರದ್ದು ಮಾಡಿಸಿಕೊಳ್ಳುವುದು ಉಳಿದೇ ಹೋಯಿತು. ನಾಳೆ ಮಾಡಿಸಿದರಾಯಿತು. ಅಲ್ಲಿಯವರೆಗೆ ಸರ್ಕಾರದ ದೃಷ್ಟಿಯಲ್ಲಿ ನಾನು ನಿನ್ನ ಮನೆಯ ದಾರಿಯಲ್ಲಿದ್ದೇನೆ. ಒಂದು ತಟ್ಟೆ ಹೆಚ್ಚಿಗೆ ಇಡು.

ಭಾವ ಹಡಗಿನಿಂದ ಇಳಿದು ಬಂದರೇ? ಮೂರು ತಿಂಗಳಿಂದ ಕೇಳುತ್ತಿದ್ದೇನೆ. ಪುಟ್ಟಿಗೆ ಮಾಮನ ಮುತ್ತು.

ಇಂತು ದೇಶಭ್ರಷ್ಟ ತಮ್ಮ

*

ಫೆಬ್ರವರಿ ೧೬

ಲೇ ಕಪಿ,

ನಿನ್ನ ಕಾಗದ ನಿನ್ನೆ ಸಿಕ್ಕಿತು. ನಗು ಬಂತು, ಆದರೆ ಸಿಟ್ಟೂ ಬಂತು. ಪಾಸ್‌ಪೋರ್ಟಿನ ಜೊತೆಯೂ ಹುಡುಗಾಟವೇನೋ? ಇದನ್ನು ಓದಿದ ಕೂಡಲೇ ಹೋಗಿ ಆ ರದ್ದು ಹಾಕಿಸಿಕೋ. ನಾಳೆ ನಿಜವಾಗಿ ಎಲ್ಲಾದರೂ ಹೋಗಬೇಕು ಅಂದಾಗ "ನೀವು ಆಗಲೇ ಹೋಗಿದ್ದೀರಿ" ಅಂದರೆ ಏನು ಮಾಡುತ್ತೀ?

ಪುಟ್ಟಿ ಶಾಲೆಗೆ ಸೇರಿದ್ದಾಳೆ. ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ. ಥೇಟ್ ನೀನೇ. ನಿನ್ನ ಕಾಗದ ಓದಿ ಹೇಳಿದ್ದೇ ತಡ, ಮಾಮ ಬರ್ತಾನೆ ಅಂತ ಹಟ ಮಾಡಿ ನಿನಗೊಂದು ತಟ್ಟೆ ಇಡಿಸಿದಳು. ಖಾಲಿ ತಟ್ಟೆಯ ಮುಂದೆ ಕೂತು ನಿನ್ನ ಪರವಾಗಿ ಅವಳೇ "ಉಪ್ಪು ಕಡಿಮೆ" ಅಂತಿದ್ದಾಳೆ. ಇಲ್ಲಿ ಛಳಿ ಇನ್ನೂ ಇಳಿದಿಲ್ಲ. ಕೆಲಸ, ಮನೆ, ಪುಟ್ಟಿ, ಅಷ್ಟೇ. ಇನ್ನೇನಿಲ್ಲ ವಿಶೇಷ.

ಅಕ್ಕ

ಮರೆತೆ: ಲಕೋಟೆ ಅಂಟಿಸುವಷ್ಟರಲ್ಲಿ ಬೆಲ್ ಆಯಿತು. ಕಳ್ಳ! ಬಾಗಿಲಲ್ಲಿ ನೀನೇ ನಿಂತಿದ್ದೀ! ಈಗ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದೀ, ನಾನು ಇದನ್ನು ಗೀಚುತ್ತಿದ್ದೇನೆ. ಕಾಗದವನ್ನು ಸುಮ್ಮನೆ ಅಂಚೆಗೆ ಹಾಕುತ್ತೇನೆ. ವಾಪಸ್ ಹೋದಾಗ ನನ್ನ ಬೈಗುಳ ನಿನಗಾಗಿ ಮನೆಯಲ್ಲಿ ಕಾದಿರಲಿ.

*

ಮಾರ್ಚ್ ೨

ಗುರುವನ್ನೇ ಮೀರಿಸಿದ ಶಿಷ್ಯೆಗೆ ದೀರ್ಘದಂಡ ನಮಸ್ಕಾರ.

ಅಕ್ಕಾ, ಒಪ್ಪಿದೆ, ಸೋತೆ. "ಮರೆತೆ" ಅಂತ ಶುರು ಮಾಡಿದ್ದೀಯಲ್ಲ, ಆ ಒಂದು ಮಾತಿಗೇ ನಿನಗೆ ಬಿರುದು ಕೊಡಬೇಕು. ನನ್ನ ಕೈಯಲ್ಲಿ ಪಳಗಿದವಳು, ಇಷ್ಟು ವರ್ಷ ಸುಮ್ಮನಿದ್ದು ಒಂದೇ ಏಟಿಗೆ ಬಡ್ಡಿ ಸಮೇತ ತೀರಿಸಿದೆ. ಒಂದೇ ಕೊರತೆ. ನಾಲ್ಕರಂದು ವಿಮಾನ ಹತ್ತಿದವನು ಐದಕ್ಕೆ ಬಂದು ಬೀಳಬೇಕು. ಹದಿನಾರರವರೆಗೆ ಎಲ್ಲಿದ್ದನಂತೆ? ಕತೆ ಕಟ್ಟುವಾಗ ಇದನ್ನೆಲ್ಲ ನೋಡಿಕೊಳ್ಳಬೇಕು ತಾಯಿ.

ಇತ್ತ ನಿನ್ನ ತಮಾಷೆಗೆ ನಮ್ಮ ಯಂತ್ರಗಳೂ ತಾಳ ಹಾಕುತ್ತಿವೆ. ರದ್ದು ಮಾಡಿಸಲು ಹೋದರೆ ದೊಡ್ಡಣ್ಣನ ಪರದೆಯ ಮೇಲೆ ನನ್ನ ಹೆಸರಿನ ಮುಂದೆ 'ಹತ್ತಿದ್ದಾರೆ' ಎಂದಿದೆ. "ಕಿಟಕಿ ಸೀಟು ಕಣೋ ನಿಂದು, ಅದೃಷ್ಟವಂತ" ಅಂದರು. ನಗುತ್ತಾ ಅಂದರು, ಆಮೇಲೆ ಇನ್ನೊಮ್ಮೆ ಪರದೆ ನೋಡಿ ನಗು ನಿಲ್ಲಿಸಿದರು. ಹಾರಿಹೋದವನ ಠಸ್ಸೆಯನ್ನು ಯಂತ್ರ ರದ್ದು ಮಾಡುವುದಿಲ್ಲವಂತೆ. ಎಲ್ಲೋ ತಂತಿ ಸಡಿಲವಾಗಿದೆ, ಸರಿಮಾಡಿಸೋಣ ಅಂದಿದ್ದಾರೆ.

ಹಾಜರಿ ಯಂತ್ರಕ್ಕೆ ಬೆರಳಿಟ್ಟರೆ 'ಪ್ರವಾಸದಲ್ಲಿದ್ದಾರೆ' ಅನ್ನುತ್ತದೆ. ಗಾಜಿನ ಬಾಗಿಲು ನನಗೆ ತೆರೆಯುವುದಿಲ್ಲ. ಇನ್ಯಾರಾದರೂ ಬರುವವರೆಗೆ ಮಹಾರಾಜನಂತೆ ಕಾದು, ಅವರ ನೆರಳಿನಲ್ಲಿ ನುಗ್ಗುತ್ತೇನೆ. ಮೊನ್ನೆ ನಾನು ಸ್ನಾನಕ್ಕೆ ಹೋಗಿದ್ದಾಗ ಅಮ್ಮ ಹೊರಗಿನಿಂದ ಬೀಗ ಹಾಕಿಕೊಂಡು ಅಂಗಡಿಗೆ ಹೋಗಿದ್ದಳು. ಬಂದ ಮೇಲೆ ಕೇಳಿದರೆ ನನ್ನನ್ನೇ ನೋಡಿ, "ಅಯ್ಯೋ, ನೀನು ಯಾವಾಗ ಬಂದ್ಯೋ?" ಅಂದಳು. ವಯಸ್ಸಾಯಿತು ಅಮ್ಮನಿಗೆ.

ನಿನ್ನ ಮನೆಯಲ್ಲಿರುವ ನನಗೆ ನನ್ನ ವಂದನೆ ತಿಳಿಸು. ಯಾವ ಅಂಗಿ ಹಾಕಿಕೊಂಡಿದ್ದೇನೆ, ಅದನ್ನಾದರೂ ಬರೆ. ನಗುವವನಿಗೆ ನಾಲ್ಕು ವಿವರ ಬೇಕಲ್ಲ?

ಇಂತು ಎರಡೂ ಕಡೆ ಇರುವ ತಮ್ಮ

*

ಮಾರ್ಚ್ ೧೫

ಈ ಕಾಗದಗಳನ್ನು ಅಂಚೆಗೆ ಹಾಕುತ್ತಿರುವವರಿಗೆ ನಮಸ್ಕಾರ.

ನೀವು ಯಾರೆಂದು ಗೊತ್ತಿಲ್ಲ. ತಮ್ಮನ ಸ್ನೇಹಿತರಿರಬೇಕು. ನಾನು ಅವನಿಗೆ ಬರೆದ ಕಾಗದ ಒಡೆದು ಓದಿ, ಅವನ ಅಕ್ಷರದಲ್ಲೇ ಉತ್ತರ ಬರೆದಿದ್ದೀರಿ. ಅಕ್ಷರ ಅಣಕಿಸಲಾಗುವುದಿಲ್ಲ ಅಂದುಕೊಂಡಿದ್ದೆ. ಮೋಸ ಹೋದೆ. ನನ್ನ ತಮ್ಮ ಈಗ ನನ್ನ ಎದುರಿಗೇ ಕೂತಿದ್ದಾನೆ. ನಿಮ್ಮ ಕಾಗದ ತೋರಿಸಿದೆ. ನಗಲಿಲ್ಲ. ಎರಡೂ ಬದಿ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟ.

ಅಮ್ಮನಿಗೂ ಫೋನ್ ಮಾಡಿದ್ದೆ. "ತಮ್ಮ ತಲುಪಿದನೇನೇ, ಹೊಟ್ಟೆ ತುಂಬಾ ತಿಂತಾನಾ?" ಅಂತ ಅಮ್ಮನೇ ಕೇಳಿದಳು. ಹೆತ್ತವಳೇ ಅವನು ಅಲ್ಲಿಲ್ಲ ಅನ್ನುವಾಗ ನಿಮ್ಮ ಆಟ ಇನ್ನು ಯಾರಿಗೆ?

ಆದರೂ ಒಂದು ಮಾತು ಕೇಳಬೇಕು, ನೀವು ಅವನ ಜೊತೆ ಕೆಲಸ ಮಾಡುವವರಾದರೆ. ಅಲ್ಲಿ ಅವನಿಗೆ ಏನಾದರೂ ಆಯಿತೇ? ಬಂದವನು ಮೊದಲಿನವನಲ್ಲ. ತಮಾಷೆ ಇಲ್ಲ, ಮಾತು ಕಡಿಮೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲ ಚಪ್ಪಲಿ, ಬೆಲ್ಟು ಬಿಚ್ಚಿ, ಕಿಸೆಯಲ್ಲಿದ್ದದ್ದನ್ನೆಲ್ಲ ತಟ್ಟೆಗೆ ಹಾಕಿ, ಕೈ ಚಾಚಿ ನಿಲ್ಲುತ್ತಾನೆ. ಬಾ ಅಂದರೆ ಮಾತ್ರ ಒಳಗೆ ಬರುತ್ತಾನೆ. ನೀರಿನ ಬಾಟಲಿಯನ್ನು ಹೊಸ್ತಿಲ ಆಚೆಯೇ ಬಿಡುತ್ತಾನೆ. ಹನ್ನೆರಡು ದಿನ ಎಲ್ಲಿದ್ದೆ ಅಂತ ನಿಮ್ಮ ಮಾತು ನೆನಪಾಗಿ ಕೇಳಿದೆ. "ಸಾಲಿನಲ್ಲಿದ್ದೆ" ಅಂದ.

ಆದರೆ ಪಾತ್ರೆ ತೊಳೆಯುತ್ತಾನೆ, ಬಟ್ಟೆ ಮಡಿಸುತ್ತಾನೆ. ಅವನಿದ್ದರೆ ಬಾಗಿಲು ಬಡಿದ ಸದ್ದಿಗೆ ನನಗೆ ಎದೆ ಹೊಡೆದುಕೊಳ್ಳುವುದಿಲ್ಲ. ಪುಟ್ಟಿಯ ಜೊತೆ ಆಟವಾಡುವುದು ಒಂದೇ ಆಟ. ಕುರ್ಚಿಗಳನ್ನು ಸಾಲಾಗಿ ಇಟ್ಟು, ಅವಳ ಶಾಲೆಯ ಚೀಲ ತಪಾಸಣೆ ಮಾಡಿ, ಎಲ್ಲಿಗೆ, ಯಾಕೆ, ಯಾವಾಗ ವಾಪಸ್ ಎಂದು ಕೇಳುತ್ತಾನೆ. ಅವಳು ಬಾಯಿಗೆ ಬಂದದ್ದು ಹೇಳುತ್ತಾಳೆ. ಮೊನ್ನೆ ಕಿಸೆಯಿಂದ ಒಂದು ಠಸ್ಸೆ ತೆಗೆದು ಅವಳ ಮಣಿಕಟ್ಟಿಗೆ ಒತ್ತಿದ. ಅವಳಿಗೆ ಸಂಭ್ರಮವೋ ಸಂಭ್ರಮ. ಸೋಪು ಹಾಕಿ ಉಜ್ಜಿದರೂ ಆ ನೀಲಿ ಹೋಗುತ್ತಿಲ್ಲ.

ಇನ್ನು ಬರೆಯಬೇಡಿ. ಅವನನ್ನು ನೆಮ್ಮದಿಯಾಗಿರಲು ಬಿಡಿ.

ಪುಟ್ಟಿಯ ತಾಯಿ

*

ಮಾರ್ಚ್ ೨೯

ಅಕ್ಕಾ,

ಬಿರುದು ಬಾವಲಿ ಎಲ್ಲ ಬದಿಗಿಟ್ಟು ಬರೆಯುತ್ತಿದ್ದೇನೆ. ನನ್ನ ಜನ್ಮದಲ್ಲಿ ಮೊದಲ ಸಲ. ಇದನ್ನೂ ಅಣಕ ಅಂದುಕೊಂಡರೂ ಸರಿ, ಪೂರ್ತಿ ಓದು.

ನಿನ್ನ ಕಾಗದ ಓದಿದ ಮೇಲೆ ನಿಷೇಧ ಮುರಿದು ಫೋನ್ ಮಾಡಿದೆ. ನೀನು ಕೆಲಸಕ್ಕೆ ಹೋಗಿದ್ದೆ ಅಂತ ಕಾಣುತ್ತದೆ. ಎತ್ತಿದ್ದು ಅವನು. ನನ್ನ ದನಿ, ಅಕ್ಕ. ಬೇರೆಯವರ ದನಿ ನಾನು ಎಷ್ಟೋ ಸಲ ತೆಗೆದಿದ್ದೇನೆ, ನನ್ನದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಹಲೋ ಅಂದ ಮೇಲೆ ಅವನು, "ಒಂದು ಹೆಜ್ಜೆ ಮುಂದೆ ಬನ್ನಿ, ಮುಖ ಕಾಣಿಸ್ತಿಲ್ಲ" ಅಂದ. ನಾವು ಕೌಂಟರಿನಲ್ಲಿ ದಿನವಿಡೀ ಹೇಳುವ ಮಾತು ಅದು.

ಅಮ್ಮ ನಾನಿಲ್ಲ ಅಂದದ್ದು ನಿಜ. ನಿನಗೆ ಪೂರ್ತಿ ಬರೆದಿರಲಿಲ್ಲ. ಈಗ ಒಬ್ಬಳಿಗೇ ಅಡುಗೆ ಮಾಡಿಕೊಳ್ಳುತ್ತಾಳೆ. ಊಟಕ್ಕೆ ಕೂತ ನನ್ನ ತಲೆಯ ಮೇಲಿನ ದೀಪ ಆರಿಸಿ ಹೋಗುತ್ತಾಳೆ. ನನ್ನ ಹಾಸಿಗೆ ಮಡಿಸಿ ಅಟ್ಟಕ್ಕೆ ಹಾಕಿದ್ದಾಳೆ. "ಅಮ್ಮಾ" ಅಂತ ಜೋರಾಗಿ ಕೂಗಿದರೆ, ಬೀದಿಯಲ್ಲಿ ಯಾರೋ ಕೂಗಿದರು ಅನ್ನುವ ಹಾಗೆ ಕಿಟಕಿಯ ಕಡೆ ನೋಡುತ್ತಾಳೆ. ಎಕ್ಸ್‌ರೇ ಅತ್ತೆ ನನ್ನ ಚೀಲ ನೋಡುತ್ತಾರೆ, ನನ್ನನ್ನು ನೋಡುವುದಿಲ್ಲ. ಚೌಕಟ್ಟಿನಲ್ಲಿ ಕಬ್ಬಿಣ ಹಿಡಿದು ನಿಂತರೂ ಸದ್ದಿಲ್ಲ. ನಾನು ಈಗ ಕಾಣುವುದು ಇಬ್ಬರಿಗೇ. ಠಸ್ಸೆ ಒತ್ತಿದ ದೊಡ್ಡಣ್ಣನಿಗೆ, ಮತ್ತೆ ಹೊರಟುನಿಂತ ಪ್ರಯಾಣಿಕರಿಗೆ. ಪಾಸ್‌ಪೋರ್ಟ್ ಹಿಡಿದು ಸಾಲಿನಲ್ಲಿ ನಿಂತವರು ನೇರ ನನ್ನ ಕಣ್ಣನ್ನೇ ನೋಡಿ ಮಾತಾಡುತ್ತಾರೆ. ಅದೇ ಜನ ಟಿಕೆಟ್ ಸರಿಯಿಲ್ಲವೆಂದು ವಾಪಸ್ ಹೋಗುವಾಗ ನನ್ನ ಮೇಲೇ ನಡೆದುಬರುತ್ತಾರೆ.

ದೊಡ್ಡಣ್ಣ ಹೇಳಿದ್ದು ಇಷ್ಟು. "ಠಸ್ಸೆ ಬಿತ್ತು ಅಂದ್ರೆ ಹೋಗಬೇಕು, ಇಲ್ಲಾ ರದ್ದಾಗಬೇಕು. ಎರಡೂ ಆಗ್ದೆ ಉಳ್ಕೊಂಡವನನ್ನ ಇರೋ ಜಾಗ ಲೆಕ್ಕದಿಂದ ಬಿಡುತ್ತೆ. ನಿನಗೆ ಒಂದು ವಿಮಾನ ಬರೆದಿದ್ವಲ್ಲ, ಅದಕ್ಕೇ ಯಾರೋ ಒಬ್ಬ ಹತ್ತಿದಾನೆ."

ಹಾಗಾದರೆ ಪುಟ್ಟಿಗೆ? ಅವಳಿಗೆ ಯಾವ ವಿಮಾನವೂ ಬರೆದಿಲ್ಲ, ಅಕ್ಕ. ಹೋಗಲು ಅವಳಿಗೊಂದು ಜಾಗವೂ ಇಲ್ಲ. ಅವನ ಕಿಸೆಯಲ್ಲಿರುವುದು ಆಟದ ಸಾಮಾನಲ್ಲ, ನನ್ನ ಠಸ್ಸೆ. ಅವತ್ತಿನಿಂದ ನನ್ನ ಕೈಯಲ್ಲಿರುವುದು ಅರ್ಧಂಬರ್ಧ ಮೂಡುತ್ತಿದೆ.

ನನ್ನನ್ನು ನಂಬಬೇಡ. ಪುಟ್ಟಿಯನ್ನು ಗಮನಿಸು, ಅಷ್ಟೇ. ಬಾಗಿಲುಗಳು ಅವಳಿಗೆ ತೆರೆಯುತ್ತವೆಯೇ ನೋಡು. ಟೀಚರು ಅವಳ ಹೆಸರು ಕೂಗುತ್ತಾರೆಯೇ ಕೇಳು. ನೀನು ಎಷ್ಟು ತಟ್ಟೆ ಇಡುತ್ತಿದ್ದೀ, ಎಣಿಸು.

ತಮ್ಮ

*

ಏಪ್ರಿಲ್ ೧೦

ಮಾನ್ಯರೇ,

ನಿಮ್ಮ ಕಾಗದ ಓದಿ, ಯಾರೋ ಹುಚ್ಚರು ಎಂದು ಹರಿದು ಹಾಕಿದೆ. ಆಮೇಲೆ ಚೂರು ಆರಿಸಿ ಜೋಡಿಸಿದೆ.

ಶಾಲೆಯ ಮುಂದೆ ಟೀಚರು ಸಿಕ್ಕರು. "ಪು‌ಟ್ಟಿಗೆ ಹುಷಾರಿಲ್ವಾ, ಯಾಕೆ ಬರ್ತಿಲ್ಲ?" ಅಂದರು. ದಿನವೂ ನಾನೇ ಬಿಟ್ಟು ಬರುತ್ತೇನೆ. ಅವರು ಹಾಗನ್ನುವಾಗ ಪುಟ್ಟಿ ನನ್ನ ಸೆರಗು ಹಿಡಿದುಕೊಂಡೇ ನಿಂತಿದ್ದಳು. ಲಿಫ್ಟಿನ ಬಾಗಿಲು ಅವಳ ತೋಳಿನ ಮೇಲೆ ಮುಚ್ಚಿಕೊಂಡಿತು, ಮತ್ತೆ ತೆರೆಯಲಿಲ್ಲ. ನಾನು ಕೈ ಹಾಕಿದ ಮೇಲೆ ತೆರೆಯಿತು.

ಇವೆಲ್ಲ ಯಂತ್ರದ್ದು, ಟೀಚರದ್ದು. ನನ್ನದನ್ನು ಹೇಗೆ ಬರೆಯಲಿ? ಭಾನುವಾರ ತಮ್ಮನಿಗೂ ನನಗೂ ಬಡಿಸಿಕೊಂಡು ಊಟ ಮುಗಿಸಿದೆ. ಪಾತ್ರೆ ತೊಳೆಯುವಾಗ ಒಂದು ಮಗು ಬಂದು ನನ್ನ ಕಾಲು ಹಿಡಿದುಕೊಂಡು, "ಅಮ್ಮಾ, ಆಗಿಂದ ಕೂಗ್ತಾನೇ ಇದೀನಿ" ಅಂತ ಅತ್ತಿತು. ನಾನು ಬಗ್ಗಿ ನೋಡಿದೆ. ಯಾರ ಮಗು ಇದು, ಬಾಗಿಲು ತೆರೆದಿತ್ತೇನೋ ಎಂದು ಯೋಚಿಸಿದೆ. ಒಂದೇ ಕ್ಷಣ. ಆದರೆ ಯೋಚಿಸಿದೆ.

ಈಗ ಅವಳ ಕೈಯನ್ನು ನನ್ನ ಕೈಗೆ ದುಪಟ್ಟಾದಿಂದ ಕಟ್ಟಿಕೊಂಡು ಬರೆಯುತ್ತಿದ್ದೇನೆ. ಮಣಿಕಟ್ಟಿನ ನೀಲಿ ಇನ್ನೂ ಹಸಿಯಾಗಿದೆ. ತಮ್ಮನನ್ನು ಬೈದೆ, ಗೋಳಾಡಿದೆ. "ನಿಯಮದ ಪ್ರಕಾರ ಎಲ್ಲಾ ಸರಿಯಾಗಿದೆ" ಅಂದ. ಸಿಟ್ಟಿಲ್ಲ, ಕೆಟ್ಟತನವಿಲ್ಲ, ಕೆಲಸ ಮಾಡುವವನ ಮುಖ ಅಷ್ಟೇ.

ಅವನನ್ನು ಓಡಿಸು ಅಂತ ನೀವು ಅನ್ನಬಹುದು. ಅದಕ್ಕೆ ಮೊದಲು ನಿಮಗೊಂದು ವಿಷಯ ಹೇಳುತ್ತೇನೆ, ತಮ್ಮನಿಗೂ ಹೇಳದ್ದು. ಅವನ ಭಾವ ಹಡಗಿನಲ್ಲಿಲ್ಲ. ಹಡಗಿನಿಂದ ಇಳಿದು ವರ್ಷವಾಯಿತು, ಬೇರೆ ಮನೆ ಮಾಡಿದ್ದಾರೆ, ಬೇರೆಯವರ ಜೊತೆ. ತಮ್ಮನಿಗೆ ಹೇಳಿದ್ದರೆ ಅದನ್ನೂ ತಮಾಷೆ ಮಾಡಿ ನನ್ನನ್ನು ನಗಿಸಲು ನೋಡುತ್ತಿದ್ದ. ನನಗೆ ನಗುವುದು ಬೇಕಿರಲಿಲ್ಲ. ಪರಿಚಯವಿಲ್ಲದವರಿಗೆ ಹೇಳುವುದು ಸುಲಭ ಅಂತ ಈಗ ಗೊತ್ತಾಯಿತು.

ಪುಟ್ಟಿಯನ್ನು ಉಳಿಸುವ ದಾರಿಯಿದ್ದರೆ ಹೇಳಿ. ಬೇಗ ಹೇಳಿ. ನಾಳೆ ಬೆಳಿಗ್ಗೆ ಈ ಗಂಟು ನೋಡಿ, ಯಾಕೆ ಕಟ್ಟಿದ್ದು ಎಂದು ನನಗೇ ಮರೆತರೆ?

*

ಏಪ್ರಿಲ್ ೧೯

ಅಕ್ಕಾ,

ದಾರಿಯಿದೆ. ಒಬ್ಬರು ಒತ್ತಿದ ಠಸ್ಸೆಯನ್ನು ಅವರೇ ರದ್ದು ಮಾಡಬೇಕು, ಅದೇ ಗುರುತಿನ ಮೇಲೆ. ಯಂತ್ರ ಒಪ್ಪದಿದ್ದರೂ ಮಸಿ ಒಪ್ಪುತ್ತದೆ, ಯಂತ್ರ ಬರುವ ಮೊದಲು ಮಸಿಯೇ ಎಲ್ಲ ಆಗಿತ್ತು ಅನ್ನುತ್ತಾರೆ ದೊಡ್ಡಣ್ಣ. ಪುಟ್ಟಿಯ ಮೇಲಿರುವುದು ನನ್ನ ನಂಬರಿನ ಠಸ್ಸೆ. ಹಾಗಾಗಿ ರದ್ದು ನನ್ನ ಕೈಯಿಂದಲೇ ಬರಬೇಕು.

ಇದರೊಳಗೆ ನುಣುಪು ಕಾಗದದ ಚೂರು ಇದೆ, ಸ್ಟಿಕರಿನ ಹಿಂದೆ ಇರುತ್ತದಲ್ಲ, ಅದು. ಅದರ ಮೇಲೆ ರದ್ದು ಅಚ್ಚು ಉಲ್ಟಾ ಮೂಡಿಸಿದ್ದೇನೆ. ಮಲಗಿದ ನೆಂಟರ ಹಣೆಯ ಮೇಲೆ 'ಮಾರಾಟಕ್ಕಿದೆ' ಎಂದು ಅಚ್ಚು ಹಾಕಿ ಒದೆ ತಿಂದ ವಿದ್ಯೆ. ನನ್ನ ಠಸ್ಸೆ ಈಗ ಸರಿಯಾಗಿ ಮೂಡುವುದಿಲ್ಲ, ಒಂದು ಸ್ಪಷ್ಟ ಅಚ್ಚಿಗೆ ಇಡೀ ಮಧ್ಯಾಹ್ನ ಹಿಡಿಯಿತು. ಪುಟ್ಟಿಯ ಮಣಿಕಟ್ಟಿನ ಮೇಲೆ ಇದನ್ನು ಬೋರಲು ಹಾಕಿ, ಒದ್ದೆ ಬಟ್ಟೆಯಿಂದ ಒತ್ತಿ ಹಿಡಿ. ಜರುಗಿಸಬೇಡ. ಅವಳು ಕಚಗುಳಿ ಅಂತ ಕೈ ಎಳೆದುಕೊಳ್ಳುತ್ತಾಳೆ, ಬಿಡಬೇಡ. ಹಳೆಯ ನೀಲಿಯ ಮೇಲೆ ಹೊಸದು ಪೂರ್ತಿ ಕೂತ ಮೇಲೆ ಅವನ ಕಿಸೆಯಿಂದ ಆ ಠಸ್ಸೆ ತೆಗೆದು ಸುಟ್ಟುಹಾಕು. ತಪಾಸಣೆಗೆಂದು ಅವನೇ ತಟ್ಟೆಗೆ ಹಾಕುತ್ತಾನಲ್ಲ, ಕಷ್ಟವಿಲ್ಲ.

ಇನ್ನೊಂದು ಚೂರು ನನ್ನ ಮೇಜಿನ ಮೇಲಿದೆ. ಅದು ದೊಡ್ಡಣ್ಣನ ರದ್ದು. ನನ್ನ ಬಳಿಯ ಪಾಸ್‌ಪೋರ್ಟಿನಲ್ಲಿ ಅವತ್ತಿನ ಗುರುತು ಅಳಿಸಿಹೋಗಿದೆ. ನಿನ್ನ ಮನೆಯಲ್ಲಿರುವವನ ಪಾಸ್‌ಪೋರ್ಟಿನಲ್ಲಿ, ದೊಡ್ಡಣ್ಣ ಠಸ್ಸೆ ಒತ್ತಿದ ಹಾಳೆಯ ಮೇಲೆ ಅದನ್ನು ಒತ್ತಿದರೆ ಅವನು ಹೊರಟೇ ಇಲ್ಲ ಎಂದಾಗುತ್ತದೆ. ಅಲ್ಲಿ ಅವನಿರುವುದಿಲ್ಲ, ಇಲ್ಲಿ ನನಗೆ ಬಾಗಿಲು ತೆರೆಯುತ್ತದೆ, ಅಮ್ಮ ಹಾಸಿಗೆ ಇಳಿಸುತ್ತಾಳೆ. ಅದನ್ನೂ ಇದರಲ್ಲೇ ಇಟ್ಟು ಲಕೋಟೆ ಅಂಟಿಸಿದ್ದೆ. ಭಾವನ ವಿಷಯ ಮತ್ತೊಮ್ಮೆ ಓದಿ, ಒಡೆದು ಹೊರಗೆ ತೆಗೆದೆ.

ನಿನ್ನನ್ನು ಕೇಳದೆ ಕಳಿಸುವುದಿಲ್ಲ. ಅವನು ಹೋದರೆ ಮನೆಯಲ್ಲಿ ನೀನು, ಪುಟ್ಟಿ ಇಬ್ಬರೇ. ನಾನು ಇಲ್ಲಿಂದ ಕಾಗದ ಬರೆಯಬಲ್ಲೆ, ಪಾತ್ರೆ ತೊಳೆಯಲಾರೆ. ಏನು ಮಾಡಲಿ, ಹೇಳು. ನೀನು ಹೇಳಿದ ಹಾಗೆ.

ತಮ್ಮ

*

ಮೇ ೨

ಮಾನ್ಯರೇ,

ಪುಟ್ಟಿ ಬಂದಳು. ಎಲ್ಲೂ ಹೋಗಿರಲಿಲ್ಲ, ಆದರೂ ಬಂದಳು ಅಂತಲೇ ಬಾಯಿಗೆ ಬರುತ್ತದೆ. ಒತ್ತಿ ಹಿಡಿದಿದ್ದಷ್ಟು ಹೊತ್ತೂ ಕಿರುಚಿದಳು. ನಡುವೆ ಎಲ್ಲೋ ಆ ಕಿರುಚಾಟ ನನ್ನ ಕಿವಿಗೆ ದಿಢೀರನೆ ಜೋರಾಗಿ ಕೇಳಿಸಿತು, ಅಲ್ಲಿಯವರೆಗೆ ಗೋಡೆಯ ಆಚೆ ಇದ್ದಂತಿತ್ತು. ಕೆಳಮನೆಯವರು ಬಂದು, "ಮಗು ಯಾಕೆ ಅಳ್ತಿದೆ?" ಅಂತ ಕೇಳಿದರು. ಅವರನ್ನು ತಬ್ಬಿಕೊಂಡುಬಿಟ್ಟೆ. ಪಾಪ, ಗಾಬರಿಯಾದರು. ಠಸ್ಸೆಯನ್ನು ಒಲೆಯಲ್ಲಿ ಸುಟ್ಟೆ. ಅವನು ನೋಡುತ್ತಾ ನಿಂತಿದ್ದ, ಬೇಡ ಅನ್ನಲಿಲ್ಲ. ನಿಮ್ಮ ಉಪಕಾರವನ್ನು ಈ ಜನ್ಮದಲ್ಲಿ ತೀರಿಸಲಾರೆ.

ಇನ್ನೊಂದು ಚೂರಿನ ವಿಷಯ. ನೀವು ಹೇಳುವುದು ನಿಜವಿರಬಹುದು. ನೀವು ಯಾರೆಂಬುದೂ ನಿಜವಿರಬಹುದು. ಅದನ್ನು ಯೋಚಿಸಲು ಕೂತರೆ ತಲೆಯೊಳಗೆ ಯಾರೋ ಬಾಗಿಲು ಹಾಕಿದಂತಾಗುತ್ತದೆ. ಆದರೆ ಬೆಳಿಗ್ಗೆ ಏಳುವಾಗ ಅಡುಗೆಮನೆಯಲ್ಲಿ ಇನ್ನೊಬ್ಬರ ಸದ್ದಿರುತ್ತದೆ. ಪುಟ್ಟಿ ಜ್ವರ ಬಂದು ಮಲಗಿದ್ದಾಗ ಇಡೀ ದಿನ ಅವಳ ಪಕ್ಕ ಕೂತಿದ್ದ, ನಾನು ಕೆಲಸಕ್ಕೆ ಹೋಗಿದ್ದೆ. ಮೊನ್ನೆ ಮೊದಲ ಸಲ ನಕ್ಕ. ಏನಕ್ಕೆ ಅಂತ ಗೊತ್ತಿಲ್ಲ. ನನ್ನ ತಮ್ಮನ ನಗುವೇ.

ಕಳಿಸಬೇಡಿ. ದಯವಿಟ್ಟು.

ಅಮ್ಮ ಇಲ್ಲಿಗೇ ಬರುತ್ತಿದ್ದಾರೆ, ನಮ್ಮ ಜೊತೆ ಇರಲು. ಆ ಮನೆಯಲ್ಲಿ ಒಬ್ಬರೇ ಎಷ್ಟು ದಿನ ಇರುತ್ತಾರೆ? ಇದೇ ತಿಂಗಳ ಇಪ್ಪತ್ತಕ್ಕೆ ಹೊರಡುತ್ತಾರೆ. ನಿಮ್ಮ ಕೌಂಟರಿಗೆ ಬಂದರೆ ಸ್ವಲ್ಪ ಬೇಗ ಕಳಿಸಿಕೊಡಿ. ಮಂಡಿ ನೋವು, ತುಂಬ ಹೊತ್ತು ನಿಲ್ಲಲಾರರು.

*

ಮೇ ೨೦

ಅಕ್ಕಾ,

ಇದನ್ನು ಅಮ್ಮನ ಕೈಚೀಲದ ಹಿಡಿಗೆ ಕಟ್ಟುತ್ತಿದ್ದೇನೆ, ಹೊರಗೆ ಬಂದ ಕೂಡಲೇ ನಿನ್ನ ಕಣ್ಣಿಗೆ ಬೀಳಲಿ ಎಂದು. ದೊಡ್ಡಣ್ಣನ ಚೂರನ್ನು ಹರಿದು, ನೀರಿನ ಬಾಟಲಿಗಳ ಡಬ್ಬಕ್ಕೆ ಹಾಕಿದೆ.

ಬೆಳಿಗ್ಗೆ ಅಮ್ಮ ಮನೆಗೆ ಬೀಗ ಹಾಕಿದಳು. ನಾನು ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅವಳ ಪಕ್ಕವೇ ಕೂತು ಬಂದೆ. ನಮ್ಮಿಬ್ಬರ ನಡುವೆ ಅವಳು ಚೀಲ ಇಟ್ಟಳು, ಅರ್ಧ ನನ್ನ ತೊಡೆಯ ಮೇಲೆ. ನಿಲ್ದಾಣದಲ್ಲಿ ನಾನು ಓಡಿ ನನ್ನ ಕುರ್ಚಿ ಹಿಡಿದೆ. ಅವಳು ಸಾಲಿನಲ್ಲಿ ಬಂದಳು. ಪಾಸ್‌ಪೋರ್ಟ್ ಚಾಚಿದಳು.

"ಎಲ್ಲಿಗೆ?" ಅಂದೆ.

"ಮಗಳ ಮನೆಗಪ್ಪ. ಮಗನೂ ಅಲ್ಲೇ ಇದಾನೆ."

"ಯಾವಾಗ ವಾಪಸ್?"

"ಮಕ್ಕಳೆಲ್ಲ ಅಲ್ಲೇ ಇರೋವಾಗ ವಾಪಸ್ ಬಂದು ಏನು ಮಾಡ್ಲಿ?" ಅಂತ ನಕ್ಕಳು. ನನ್ನ ಮುಖ ನೋಡಿಯೇ ನಕ್ಕಳು. ಒಬ್ಬ ಕೆಲಸದವನ ಮುಖ ಎಷ್ಟು ನೋಡಬೇಕೋ ಅಷ್ಟೇ ನೋಡಿದಳು.

ಠಸ್ಸೆ ಎತ್ತಿಕೊಂಡೆ. ಒತ್ತದೆ ಇರಬಹುದಿತ್ತು, ಅಕ್ಕ. ಏನೋ ತಪ್ಪು ಹುಡುಕಿ ವಾಪಸ್ ಕಳಿಸಬಹುದಿತ್ತು. ಆಗ ಅವಳು ಖಾಲಿ ಮನೆಗೆ ಹೋಗಿ, ನಾನು ಕೂತ ಕೋಣೆಯ ದೀಪ ಆರಿಸುತ್ತಾ ಬದುಕುತ್ತಿದ್ದಳು. ಒತ್ತಿದೆ. ಈ ಸಲ ಪೂರ್ತಿ ಮೂಡಿತು.

ಅವಳು ಪಾಸ್‌ಪೋರ್ಟ್ ತೆಗೆದುಕೊಂಡು ಹಳದಿ ಗೆರೆ ದಾಟಿದಳು. ಎರಡು ಹೆಜ್ಜೆ ಇಟ್ಟು ನಿಂತಳು. ತಿರುಗಿದಳು.

"ಯಾಕೋ ಇಷ್ಟು ಸೊರಗಿದೀಯ?" ಅಂದಳು.

ನಾನು ಕೌಂಟರಿಗೆ ಫಲಕ ಇಟ್ಟು ಎದ್ದುಬಂದೆ. ಗೆರೆಯ ಆಚೆ ಲೆಕ್ಕದಲ್ಲಿ ಇಬ್ಬರೂ ಹೋದವರೇ ಅಲ್ಲವೇ, ಅದಕ್ಕೇ ಇರಬೇಕು. ತಪಾಸಣೆಯಲ್ಲಿ ಅವಳು ಎಕ್ಸ್‌ರೇ ಅತ್ತೆಗೆ, "ಇವನು ನನ್ನ ಮಗ, ಸರಿಯಾಗಿ ಊಟ ಮಾಡಲ್ಲ" ಅಂತ ದೂರು ಹೇಳಿದಳು. ಅತ್ತೆ ನನ್ನ ಕಡೆ ನೋಡಿದರು, ಕಾಣದೆ, ಸುಮ್ಮನೆ ತಲೆಯಾಡಿಸಿದರು.

ಈಗ ಗೇಟಿನ ಮುಂದಿನ ಕುರ್ಚಿಯಲ್ಲಿ ಕೂತಿದ್ದೇವೆ. ನನ್ನ ಕಾಲರ್ ಸರಿಮಾಡಿದಳು. ಭಾವನ ವಿಷಯ ನಾನು ಹೇಳಿಲ್ಲ, ಅದು ನಿನ್ನದು. "ನೀನು ಅಕ್ಕನ ಮನೆಯಲ್ಲಿದೀಯ ಅಂದಿದ್ರಲ್ಲ" ಅಂದಳು. ಇದೀನಮ್ಮ ಅಂದೆ. "ಮತ್ತೆ ಇಲ್ಲೇನು ಮಾಡ್ತಿದೀಯ?" ಕಳಿಸಿಕೊಡೋಕೆ ಬಂದೆ ಅಂದೆ. ಅದು ಅವಳಿಗೆ ಸರಿಯೆನಿಸಿತು. ನನ್ನ ಹೆಗಲಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದ್ದಾಳೆ, ನಾನು ಮಂಡಿಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ. ಆಗಾಗ ಕಣ್ಣು ಬಿಡದೆ ಕೈ ಚಾಚಿ ನಾನು ಇದ್ದೇನೆಯೇ ಎಂದು ಮುಟ್ಟಿ ನೋಡುತ್ತಾಳೆ.

ಹತ್ತಲು ಕರೆಯುತ್ತಿದ್ದಾರೆ. ಆ ಬಾಗಿಲ ಆಚೆ ನಾನು ಹೋಗಲಾರೆ, ನನ್ನ ಸೀಟು ಫೆಬ್ರವರಿಯಲ್ಲೇ ತುಂಬಿದೆ.

ಇಳಿದು ಹೊರಗೆ ಬಂದಾಗ ಅವನು ನಿನ್ನ ಪಕ್ಕ ನಿಂತಿರುತ್ತಾನೆ. ಅಮ್ಮ ಅವನನ್ನು ಅಪ್ಪಿಕೊಳ್ಳುತ್ತಾಳೆ, ಅಪ್ಪಿಕೊಳ್ಳಲಿ. ಆಮೇಲೆ ಒಮ್ಮೆ ಹಿಂದೆ ತಿರುಗಿ, ಜೊತೆಯಲ್ಲಿ ಯಾರೋ ಇದ್ದರಲ್ಲ ಎಂಬಂತೆ ಹುಡುಕಬಹುದು. ಹುಡುಕಿದರೆ ಉತ್ತರ ಕೊಡಬೇಡ. ಮಂಡಿ ಹೇಗಿದೆ ಎಂದು ಕೇಳು. ಆ ಮಾತು ಶುರುವಾದರೆ ಅಮ್ಮನಿಗೆ ಮಿಕ್ಕಿದ್ದೆಲ್ಲ ಮರೆತುಹೋಗುತ್ತದೆ.